ಅತ್ತರು ಹಚ್ಚಿ ಕೂರಿಸಿದರು

ನನ್ನ ಕವನ ಸಂಕಲನಗಳನ್ನು ಬಸವಕಲ್ಯಾಣದಲ್ಲಿ ನನ್ನ ಓಣಿಯವರೂ ಓದಿಲ್ಲ. ಹುಮನಾಬಾದಿನ ಕೆಮಿಕಲ್ ಕಾರ್ಖಾನೆಯೊಂದರ ಗಬ್ಬುನಾತದ ಮೇಲೆ ಬರೆದ ಕಾದಂಬರಿಗೆ ಪ್ರಶಸ್ತಿ ಬಂದದ್ದೇ ತಡ, ಆ ಊರಿನವರೇ ಸನ್ಮಾನಕ್ಕೆ ಕರೆದರು. ಸಭಾಂಗಣದ ಬಾಗಿಲಲ್ಲೇ ಕೈಗೆ ಅತ್ತರು ಹಚ್ಚಿದರು. ನನಗೆ ಶಾಲು ಹೊದಿಸಿದ್ದು ಅದೇ ಕಾರ್ಖಾನೆಯ ಮಾಲೀಕ. ಪುಸ್ತಕ ಓದಿಲ್ಲವೆಂದು ಮೈಕಿನಲ್ಲೇ ಹೇಳಿ, ನಮ್ಮೂರಿನ ಹೆಸರು ಬೆಳಗಿಸಿದಿರಿ ಎಂದು ಹೊಗಳಿದ. ಥೂ ಎನ್ನುವುದು ಬಾಯಿತನಕ ಬಂತು. ಅತ್ತರು, ಬೆವರು, ಹಾರದ ಮಲ್ಲಿಗೆ ಎಲ್ಲ ಸೇರಿದ ವಾಸನೆ ಸಭಾಂಗಣದ ತುಂಬ ಕಟ್ಟಿಕೊಂಡಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದನ್ನಾದರೂ ತೆಗೆಸಿ ಎಂದು ಪಕ್ಕದಲ್ಲಿದ್ದ ಸಂಘಟಕರಿಗೆ ಹೇಳಿದೆ. ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ತೆಗದ್ರ ಹೊರಗಿನ ನಾತ ಒಳಗ ಬರ್ತದ್ರಿ. ನಮ್ಮ ಸಾವ್ಕಾರ್ರಿಗೆ ಅದು ಆಗಿಬರಂಗಿಲ್ಲ."