ಖಾಲಿ ಖೋಲಿಯ ಕಂಡೀಷನ್ ರಿಪೋರ್ಟ್

ಮೂವತ್ತೊಂದು ವರ್ಷ ವಸ್ತುಸಂಗ್ರಹಾಲಯವೊಂದರಲ್ಲಿ ಕನ್ಸರ್ವೇಟರ್ ಆಗಿ ದುಡಿದು, ನಿವೃತ್ತಿಯಾಗಿ ಹುಬ್ಬಳ್ಳಿಯ ವಿದ್ಯಾನಗರದ ಮನೆಗೆ ಮರಳಿದ ಎರಡನೆಯ ವರ್ಷದ ಮಾತಿದು. ಧಾರವಾಡದಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಊರವರೇ ಸೇರಿ ಕಲಾಕೇಂದ್ರ ಮಾಡಿದ್ದರು. ಭಾನುವಾರ ಹುಡುಗ ಹುಡುಗಿಯರಿಗೆ ಕಾರ್ಯಾಗಾರ, ವರ್ಷಕ್ಕೊಮ್ಮೆ ಯುವ ಕಲಾವಿದರ ಪ್ರದರ್ಶನ. ಆ ಪ್ರದರ್ಶನದ ಉಸ್ತುವಾರಿಗೆ ನನ್ನನ್ನು ಕರೆದರು. ವಾರಕ್ಕೆ ಮೂರು ದಿನ ಬರುತ್ತೇನೆಂದು ಒಪ್ಪಿಕೊಂಡವಳು ಆರು ದಿನ ಹೋಗತೊಡಗಿದೆ. ನಿವೃತ್ತಿ ಆಗಿದ್ದು ನಿನಗೋ ನನಗೋ ಎಂದು ನನ್ನ ಯಜಮಾನರು ಕೇಳುತ್ತಿದ್ದರು.

ಕನ್ಸರ್ವೇಟರ್ ಎಂದರೆ ಹಳೆಯ ಚಿತ್ರ, ಶಿಲ್ಪ, ಬಟ್ಟೆಬರೆ ಹಾಳಾಗದಂತೆ ಕಾಯುವವಳು. ಈ ಕೆಲಸದಲ್ಲಿ ಎರಡು ಕಟ್ಟುನಿಟ್ಟು. ಕೃತಿಯ ಮೇಲೆ ನಿನ್ನ ಕೈಗುರುತು ಬೀಳಕೂಡದು. ದುರಸ್ತಿ ಮಾಡಲೇಬೇಕಾದರೆ, ಅದು ದುರಸ್ತಿ ಎಂದು ನೋಡುವವರಿಗೆ ಗೊತ್ತಾಗಬೇಕು, ಮೂಲದವರ ಕೆಲಸವೆಂಬಂತೆ ಮರೆಮಾಚಬಾರದು. ಇನ್ನು ಕಂಡೀಷನ್ ರಿಪೋರ್ಟ್ ಎಂಬುದೊಂದು ಕಾಗದವಿದೆ. ಕೃತಿ ಬಂದಾಗ ಹೇಗಿತ್ತು, ಎಲ್ಲಿ ಬಿರುಕು, ಎಲ್ಲಿ ಕಲೆ, ಹಿಂದೆ ಯಾರಾದರೂ ದುರಸ್ತಿ ಮಾಡಿದ್ದಾರೆಯೇ ಎಂದು ಇಂಚಿಂಚೂ ಬರೆದಿಡುವುದು. ಅದನ್ನು ಬರೆಯುವಾಗ ಟಾರ್ಚನ್ನು ಮೇಲ್ಮೈಗೆ ಸಮನಾಗಿ, ಪಕ್ಕದಿಂದ ಹಿಡಿಯುತ್ತೇವೆ. ರೇಕಿಂಗ್ ಲೈಟ್ ಎನ್ನುತ್ತಾರೆ. ಎದುರಿನ ಬೆಳಕಿನಲ್ಲಿ ಕಾಣದ ಏರುತಗ್ಗು ಈ ಅಡ್ಡ ಬೆಳಕಿನಲ್ಲಿ ನೆರಳು ಚೆಲ್ಲಿ ಕಾಣಿಸಿಕೊಳ್ಳುತ್ತದೆ.

ಆ ವರ್ಷ ಪ್ರದರ್ಶನಕ್ಕೆ ಎಂಟು ಜಾಗ. ಆಯ್ಕೆಯಾದವರಿಗೆ ಪ್ರದರ್ಶನದ ನಂತರ ಒಂದು ವರ್ಷ ಕೇಂದ್ರದಲ್ಲೇ ಕೂತು ಕೆಲಸ ಮಾಡಲು ಒಂದು ಮೂಲೆ, ಸಾಮಗ್ರಿ, ಬಸ್ ಪಾಸು. ಎಂಟನೆಯವಳು ಧಾರವಾಡದ ಹತ್ತಿರದ ಮುಗದ ಹಳ್ಳಿಯ ಸಾವಿತ್ರಿ. ವಯಸ್ಸು ಇಪ್ಪತ್ತು, ಎಡಗೈ ಹುಡುಗಿ, ಮಾತು ಕಡಿಮೆ. ಇದು ಆಗದಿದ್ದರೆ ಮಾರ್ಚಿನಿಂದ ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಕೌಂಟರಿಗೆ ಸೇರಬೇಕೆಂದು ಮನೆಯಲ್ಲಿ ಮಾತಾಗಿತ್ತು. ಅದನ್ನು ಅವಳೇ ಸಂದರ್ಶನದಲ್ಲಿ, ದೂರಿನ ದನಿಯಿಲ್ಲದೆ, ಹೇಳಿದ್ದಳು.

ಅವಳ ಅರ್ಜಿಯಲ್ಲಿ ಮೂರೇ ಸಾಲು. ಮಾಧ್ಯಮ: ಮಣ್ಣು. ಅಳತೆ: ಖೋಲಿ ತುಂಬ. ದೀಪ: ನೆಲದ ಮೇಲೆ. ಕೊನೆಯ ಸಾಲಿಗೆ ನಾನು ಕೆಂಪು ಪೆನ್ನಿನಿಂದ ಗೆರೆ ಎಳೆದೆ. ದೀಪ ಎಲ್ಲಿಡಬೇಕೆಂದು ಇಪ್ಪತ್ತರ ಹುಡುಗಿ ನನಗೆ ಹೇಳಬೇಕೇ? ನೆಲದ ಮೇಲೆ ದೀಪವಿಟ್ಟರೆ ಯಾರಾದರೂ ಎಡವುತ್ತಾರೆ. ಮಣ್ಣು ಎಂದರೆ ಮಣ್ಣಿನ ಮೂರ್ತಿಗಳು, ಖೋಲಿ ತುಂಬ ಎಂದರೆ ಕೋಣೆ ತುಂಬುವಷ್ಟು ಮೂರ್ತಿಗಳು ಎಂದುಕೊಂಡೆ. ನಾಲ್ಕು ಮರದ ಪೀಠ ಸಿದ್ಧಪಡಿಸಲು ನಮ್ಮ ಬಡಿಗ ದಸ್ತಗೀರ ಕಾಕಾಗೆ ಹೇಳಿದೆ. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಅವಳು ಕೇಳಿದ್ದು ಹಿಂದಿನ ಖೋಲಿಯನ್ನು. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಅದರ ಕಲ್ಲುಚಪ್ಪಡಿಗಳನ್ನು ಹಿಂದೆಂದೋ ಯಾರೋ ಎಬ್ಬಿಸಿ ಒಯ್ದಿದ್ದರು, ಬರೀ ಮಣ್ಣಿನ ನೆಲ ಉಳಿದಿತ್ತು. ಅಲ್ಲಿ ಕಾಂಕ್ರೀಟ್ ಹಾಕಿಸಿರೆಂದು ನಾನು ಸಮಿತಿಗೆ ಎರಡು ಪತ್ರ ಬರೆದಿದ್ದೆ. ಬೇರೆ ಯಾರೂ ಕೇಳದ ಖೋಲಿ, ಸುಮ್ಮನೆ ಕೊಟ್ಟೆವು.

ಉದ್ಘಾಟನೆ ಶನಿವಾರ. ಗುರುವಾರ ಸಂಜೆ ಐದರೊಳಗೆ ಕೃತಿ ಜಾಗದಲ್ಲಿರದಿದ್ದರೆ ಆ ಜಾಗ ಕಾಯುವ ಪಟ್ಟಿಯ ಮೊದಲಿಗನಿಗೆ, ಅಂದರೆ ಹನ್ನೊಂದು ಫೋಟೋ ಚೌಕಟ್ಟು ಹಾಕಿಸಿಕೊಂಡು ಕೂತಿದ್ದ ವಿದ್ಯಾನಗರದ ತರುಣನಿಗೆ ಹೋಗಬೇಕು. ಈ ನಿಯಮ ಮಾಡಿದವಳು ನಾನೇ.

ಬುಧವಾರ ಬೆಳಿಗ್ಗೆ ಸಾವಿತ್ರಿ ತನ್ನ ಅವ್ವ ಯಲ್ಲವ್ವನ ಜೊತೆ ಬಂದಳು. ಎರಡು ಬಕೆಟ್, ಒಂದು ಚೀಲ ಕೆಮ್ಮಣ್ಣು. ತಾಯಿ ಮಗಳು ಸಗಣಿ ಮಣ್ಣು ಕಲಸಿ ನೆಲ ಸಾರಿಸತೊಡಗಿದರು. ಬಾಗಿಲಿನಿಂದ ಇಣುಕಿ ಖುಷಿಯಾಯಿತು. ಉಳಿದವರು ಕಸ ಗುಡಿಸಲೂ ನಮ್ಮನ್ನು ಕರೆಯುತ್ತಾರೆ, ಈ ಹುಡುಗಿ ಮೂರ್ತಿ ತರುವ ಮೊದಲು ಜಾಗವನ್ನು ಹಸನು ಮಾಡುತ್ತಿದ್ದಾಳೆ, ಮನೆತನದ ಸಂಸ್ಕಾರ ಎಂದುಕೊಂಡೆ. ನಮ್ಮಲ್ಲಿ ಹಬ್ಬವಿರಲಿ ಮದುವೆಯಿರಲಿ, ಮೊದಲು ಸಾರಿಸುವುದು, ಆಮೇಲೆ ಮುಂದಿನದು. ಸಾರಿಸುವುದನ್ನು ಯಾರೂ ಕಾರ್ಯಕ್ರಮದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರು ಗಂಟೆಯ ಬಸ್ಸಿಗೆ ಅವರಿಬ್ಬರೂ ಊರಿಗೆ ಹೋದರು.

ಸಂಜೆ ದಸ್ತಗೀರ ಕಾಕಾನಿಂದ ಪೀಠಗಳನ್ನು ಒಳಗಿಡಿಸಿದೆ. ನೆಲ ಇನ್ನೂ ಹಸಿಯಿತ್ತು. ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನನ್ನ ಬೂಟಿನ ಕಡೆ ನೋಡಿದ.

"ಸಾರಿಸಿದ ನೆಲಾ ಐತ್ರಿ, ಮೇಡಂ."

"ಕಾಕಾ, ಇದು ಮನಿ ಅಲ್ಲ, ಗ್ಯಾಲರಿ," ಎಂದು ಬೂಟು ಹಾಕಿಕೊಂಡೇ ಒಳಗೆ ಹೋದೆ. ಟೇಪು ಹಿಡಿದು ಪೀಠದಿಂದ ಪೀಠಕ್ಕೆ ಅಂತರ ಅಳೆದೆ.

ಗುರುವಾರ ಮೂರು ಗಂಟೆಗೆ ಖೋಲಿ ನೋಡಿದರೆ ನಾಲ್ಕು ಪೀಠ, ಮೇಲೆ ಟ್ಯೂಬ್‌ಲೈಟು, ಬೇರೇನೂ ಇಲ್ಲ. ಫೋನು ಹಚ್ಚಿದೆ.

"ಸಾವಿತ್ರಿ, ನಿನ್ನ ಕೆಲಸ ಎಲ್ಲೈತಿ?"

"ಖೋಲ್ಯಾಗ ಐತ್ರಿ ಮೇಡಂ."

"ನಾ ಖೋಲಿ ಮುಂದ ನಿಂತೇನಿ. ಏನೂ ಇಲ್ಲ ಇಲ್ಲಿ."

"ಖೋಲಿ ತುಂಬ ಐತ್ರಲ್ಲ," ಎಂದಳು, ಅಷ್ಟರಲ್ಲಿ ಸಿಗ್ನಲ್ ಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲಿ ನನಗೇ ಟೋಪಿ ಹಾಕಲು ಬಂದಳಲ್ಲ ಎನಿಸಿತು. ಐದಾಗುವುದನ್ನೂ ಕಾಯದೆ ಫೋಟೋದ ತರುಣನಿಗೆ ಸುದ್ದಿ ಕಳಿಸಿದೆ. ಮಣ್ಣಿನ ನೆಲ ಕಾಣದಂತೆ ಹಾಸಲು ಕಾರ್ಪೆಟ್ ಸುರುಳಿ ಬಾಗಿಲಿಗೆ ಬಂದು ಬಿತ್ತು. ಇನ್ನೊಂದೇ ಕೆಲಸ ಬಾಕಿ. ಖೋಲಿಯನ್ನು ಬೇರೆಯವರಿಗೆ ಕೊಡುವ ಮುನ್ನ ಅದರ ಸ್ಥಿತಿಯನ್ನು ಬರೆದಿಡಬೇಕು. ಖಾಲಿ ಖೋಲಿಗೂ ಕಂಡೀಷನ್ ರಿಪೋರ್ಟ್ ಬರೆಯುವುದು ಹುಬ್ಬಳ್ಳಿ ಧಾರವಾಡದಲ್ಲಿ ನಾನೊಬ್ಬಳೇ ಇರಬೇಕು. ದಸ್ತಗೀರ ಕಾಕಾ ಇದಕ್ಕೆ ಮರೆಯಲ್ಲಿ ನಗುತ್ತಾನೆಂದು ನನಗೆ ಗೊತ್ತು.

ಗೋಡೆ ಬರೆದೆ, ಕಿಟಕಿ ಬರೆದೆ. ನೆಲದಲ್ಲಿ ತೇವ ಏರಿದೆಯೇ ನೋಡಲು ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಹೊಸ್ತಿಲಲ್ಲಿ ಮೊಣಕಾಲೂರಿ, ರೂಢಿಯಂತೆ ಟಾರ್ಚನ್ನು ನೆಲಕ್ಕೆ ತಾಗಿಸಿ ಇಟ್ಟೆ.

ಖೋಲಿ ತುಂಬಿತ್ತು.

ಹೊಸ್ತಿಲಿನಿಂದ ಆಚೆಯ ಗೋಡೆಯವರೆಗೆ ನೂರಾರು ಅರ್ಧಚಂದ್ರಗಳು, ಸಾಲು ಸಾಲಾಗಿ. ಒಂದೊಂದರಲ್ಲೂ ನಾಲ್ಕು ಬೆರಳಿನ ಏಣು, ಅಂಗೈ ತಿರುಗಿದ ಕಡೆ ಸಣ್ಣ ಉಬ್ಬು. ಕುಂಚದ ಎಳೆತ ನೋಡಿ ಇದು ಗುರುವಿನ ಕೈ, ಇದು ಶಿಷ್ಯನ ಕೈ ಎಂದು ಹೇಳುವುದು ನನ್ನ ಕಸುಬು. ಆ ನೆಲವನ್ನು ನಾನು ಓದತೊಡಗಿದೆ. ಕೆಲವು ಅರ್ಧಚಂದ್ರಗಳು ಬಲಕ್ಕೆ ಬಾಗಿದವು, ಅದು ತಾಯಿಯ ಬಲಗೈ. ಒಂದೇ ಭಾರ, ಒಂದೇ ಅಳತೆ, ಎಲ್ಲೂ ತಡವರಿಕೆಯಿಲ್ಲ. ಉಳಿದವು ಎಡಕ್ಕೆ ಬಾಗಿದವು, ಮಗಳವು. ಆಚೆಯ ಗೋಡೆಯ ಹತ್ತಿರ ಮಗಳ ಗೆರೆಗಳು ಸೊಟ್ಟ, ಕೆಲವು ಕಡೆ ತಾಯಿಯ ಗೆರೆಯ ಮೇಲೆ ಏರಿ ಬಿದ್ದಿದ್ದವು. ಕೆಲಸ ಹಿಂದಕ್ಕೆ ಸರಿಯುತ್ತ ನಡುವಿಗೆ ಬಂದಂತೆ ಎರಡೂ ಕೈ ಹೊಂದಿಕೊಂಡು, ಒಂದರ ಮಗ್ಗುಲಲ್ಲಿ ಒಂದು ಕೂತಿದ್ದವು. ಬಾಗಿಲಿಗೆ ನಾಲ್ಕು ಸಾಲು ಇರುವಾಗ ಬಲಗೈ ನಿಂತುಬಿಟ್ಟಿತ್ತು. ಕೊನೆಯ ನಾಲ್ಕೂ ಸಾಲು ಎಡಗೈಯವು, ಒಂದೂ ಸೊಟ್ಟವಿರಲಿಲ್ಲ.

ಅರಮನೆಗಳ ಭಿತ್ತಿಚಿತ್ರಗಳ ಮುಂದೆ ತಿಂಗಳುಗಟ್ಟಲೆ ನಿಂತವಳು ನಾನು. ಹೀಗೆ ಕಣ್ಣು ತುಂಬಿ ಬಂದದ್ದು ಕಡಿಮೆ. ನನ್ನ ಅಜ್ಜಿಯ ಮನೆಯ ನೆಲವೂ ಇದೇ ಆಗಿತ್ತು, ಅದರ ಮೇಲೆ ಉರುಳಾಡಿ ಬೆಳೆದೆ, ಒಂದು ದಿನವೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ಕಂಡೇ ಇರಬೇಕು.

ಆಗಲೇ ಉಳಿದದ್ದೂ ಕಂಡಿತು. ಖೋಲಿಯ ನಡುವೆ, ಎರಡು ಕೈ ಹೊಂದಿಕೊಂಡ ಜಾಗದಲ್ಲೇ, ನಾಲ್ಕು ಪೀಠ ಕೂತಿದ್ದವು. ಅವುಗಳ ಸುತ್ತ ಬೂಟಿನ ಅಚ್ಚು, ಹಿಮ್ಮಡಿಯ ಗೆರೆಗಳ ಸಮೇತ. ಜೀವಮಾನವಿಡೀ ಬೇರೆಯವರು ಕೆಡಿಸಿದ್ದನ್ನು ಬರೆದಿಟ್ಟವಳು ನಾನು. ಈ ಸಲ ಕೆಡಿಸಿದವಳ ಹೆಸರು ಹುಡುಕಬೇಕಾಗಿರಲಿಲ್ಲ.

ಕಾರ್ಪೆಟ್ ವಾಪಸು ಕಳಿಸಿದೆ. ಫೋಟೋದ ತರುಣನಿಗೆ ನಾನೇ ಫೋನು ಮಾಡಿ ಕ್ಷಮೆ ಕೇಳಿದೆ. ದಸ್ತಗೀರ ಕಾಕಾನೂ ನಾನೂ ಬರಿಗಾಲಲ್ಲಿ ಪೀಠ ಎತ್ತಿ ಹೊರಗಿಟ್ಟೆವು. 

ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ತಾಯಿ ಮಗಳು ಓಡುತ್ತ ಬಂದರು. ಫೋನು ಕಟ್ಟಾದ ಮೇಲೆ ಸಿಕ್ಕ ಬಸ್ಸು ಹತ್ತಿದ್ದರಂತೆ. ಸಾವಿತ್ರಿ ಹೊಸ್ತಿಲಲ್ಲಿ ನಿಂತು, ಟಾರ್ಚಿನ ಬೆಳಕಲ್ಲಿ ಬೂಟಿನ ಅಚ್ಚುಗಳನ್ನು ನೋಡಿದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ತಪ್ಪಾತು ಸಾವಿತ್ರಿ, ನಾ ತುಳದೇನಿ," ಎಂದೆ. "ಮತ್ತೊಮ್ಮೆ ಪೂರಾ ಸಾರಸಾಕ ಆಗತೈತೇನು?"

ಅವಳು ಆಗದೆಂಬಂತೆ ತಲೆಯಾಡಿಸಿದಳು. "ಮುಂದಿನ ತಿಂಗಳ ನಮ್ಮ ಮನಿಗೆ ಟೈಲ್ಸ್ ಹಾಕ್ತಾರ್ರಿ. ಇದ ಕೊನೀದು ಅಂತ ಅವ್ವ ಸಾರಿಸ್ಯಾಳ. ನಾಕ ಸಾಲ ಇದ್ದಾಗ ಎದ್ದು, ಇನ್ನ ನೀ ಮುಗಸು ಅಂದ್ಲು. ಅದನ್ನ ಮತ್ತೊಮ್ಮೆ ಮಾಡಸೂದು ಹೆಂಗ್ರಿ?"

ಅಷ್ಟರಲ್ಲಿ ಯಲ್ಲವ್ವ ಸೆರಗು ಸಿಕ್ಕಿಸಿಕೊಂಡು, ನಿನ್ನೆ ಉಳಿದ ಮಣ್ಣಿಗೆ ನೀರು ಹಾಕಿ ಕಲಸತೊಡಗಿದ್ದಳು. ಬಕೆಟ್ ತಂದು ನನ್ನ ಮುಂದಿಟ್ಟಳು.

"ಸಾರಿಸಿದ ನೆಲಾ ತುಳದಾವ್ರ ಸಾರಸಬೇಕ್ರಿ, ಅಕ್ಕಾರ. ನಮ್ಮ ಮನ್ಯಾಗ ಹಂಗ. ನಮ್ಮತ್ತಿ ನಮ್ಮ ಮಾವನ ಕಡಿಂದನೂ ಸಾರಿಸ್ಯಾಳ."

ನಾನು ಚೀಲದಿಂದ ಕೈಗವಸು ತೆಗೆದೆ. ಕೃತಿಯನ್ನು ಬರಿಗೈಲಿ ಮುಟ್ಟಿ ನನಗೆ ಅಭ್ಯಾಸವೇ ಇಲ್ಲ.

"ಅದನ್ನ ತಗದ ಇಡ್ರಿ," ಎಂದಳು ಯಲ್ಲವ್ವ. "ನೆಲಕ್ಕ ಕೈ ಗೊತ್ತಾಗಬೇಕು."

ಸಾವಿತ್ರಿಯ ಕಡೆ ನೋಡಿದೆ. ಕೃತಿ ಅವಳದು, ಒಪ್ಪಿಗೆ ಅವಳೇ ಕೊಡಬೇಕು. ಅವಳು ಬಕೆಟನ್ನು ನನ್ನ ಕಡೆ ಸರಿಸಿ, "ಅವ್ವ ಹೇಳಿದ್ದು ಖರೇ ಐತ್ರಿ," ಎಂದಳು.

ಬರಿಗಾಲಲ್ಲಿ ನಡುವಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಅರವತ್ತೆರಡರ ಮೊಣಕಾಲು ಕೂಗಿಕೊಂಡಿತು. ಸಗಣಿಯ ತಂಪಿಗೆ ಕೈಯಿಟ್ಟು ಪೀಠದ ಗುರುತುಗಳನ್ನು, ನನ್ನ ಹೆಜ್ಜೆಗಳನ್ನು ಒಂದೊಂದಾಗಿ ಮುಚ್ಚಿದೆ. ನನ್ನ ಗೆರೆಗಳು ಗಿಡ್ಡ, ಒಂದು ಕಡೆ ದಪ್ಪ, ಒಂದು ಕಡೆ ಬೋಳು. ಮೂರು ದಶಕ ಚಿತ್ರಗಳ ಬಿರುಕು ತುಂಬಿದ ಕೈ, ಆ ತಾಯಿಯ ಒಂದು ಅರ್ಧಚಂದ್ರವನ್ನು ಹೋಲುವ ಗೆರೆ ಎಳೆಯಲು ಸೋತಿತು. ಹೊರಗೆ ಬಂದಾಗ ಯಲ್ಲವ್ವ ಕೂಲಂಕಷವಾಗಿ ನೋಡಿ ಹೇಳಿದಳು:

"ಕೈ ಇನ್ನಾ ಹಸೀ ಐತ್ರಿ. ಇನ್ನೊಂದ ನಾಕ ಮನಿ ಸಾರಿಸಿದ್ರ ಹದಕ್ಕ ಬರತೈತಿ."

ದಸ್ತಗೀರ ಕಾಕಾ ಅಂದಿನ ಮೊದಲ ನಗೆ ನಕ್ಕ.

ಶನಿವಾರ ದೀಪ ನೆಲದ ಮೇಲಿತ್ತು, ಅವಳು ಬರೆದಿದ್ದಂತೆಯೇ. ಜನ ಹೊಸ್ತಿಲಿಗೆ ಬಂದು, ಏನೂ ಇಲ್ಲವೆಂದು ಮುಂದೆ ಹೋಗಲು ತಿರುಗಿ, ಮತ್ತೆ ನಿಲ್ಲುತ್ತಿದ್ದರು. ಒಬ್ಬೊಬ್ಬರೇ ಮೊಣಕಾಲೂರುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಸುಮ್ಮನೆ ತಮ್ಮ ಅಂಗೈ ನೋಡಿಕೊಂಡರು. ಯಲ್ಲವ್ವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ತನ್ನ ನೆಲ ನೋಡಲು ಇಷ್ಟು ಜನ ಬೂಟು ಬಿಚ್ಚುವುದನ್ನು ನಂಬಲಾರದೆ ನೋಡುತ್ತಿದ್ದಳು. ಸಾವಿತ್ರಿಗೆ ವರ್ಷದ ಮೂಲೆ ಸಿಕ್ಕಿತು, ಮಾರ್ಚಿನಲ್ಲಿ ಅವಳು ಬಟ್ಟೆ ಅಂಗಡಿಗೆ ಹೋಗಲಿಲ್ಲ.

ನೋಡುವುದೇ ನನ್ನ ಕೆಲಸವೆಂದು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡವಳು ನಾನು. ನಿಂತು ನೋಡಿದರೆ ಕಾಣದ್ದು ಬಗ್ಗಿದರೆ ಕಾಣುತ್ತದೆ ಎಂಬುದನ್ನು ಟಾರ್ಚಿಗೆ ಕಲಿಸಿದ್ದೆ, ನಾನೇ ಕಲಿತಿರಲಿಲ್ಲ. ಈಗ ಯಾವ ಅರ್ಜಿಯ ಮೇಲೂ ಕೆಂಪು ಗೆರೆ ಎಳೆಯುವ ಮುನ್ನ ಬರೆದವರನ್ನು ಕರೆದು, ಹೀಗೇಕೆ ಎಂದು ಕೇಳುತ್ತೇನೆ.

ಆ ಖೋಲಿಯ ರಿಪೋರ್ಟ್ ಇನ್ನೂ ಕೇಂದ್ರದ ಕಡತದಲ್ಲಿದೆ. ಗುರುವಾರ ಮಧ್ಯಾಹ್ನ ಮೊದಲ ಸಾಲಿನಲ್ಲಿ "ಖೋಲಿ ಖಾಲಿ" ಎಂದು ಬರೆದಿದ್ದೆ. ಅದನ್ನು ಅಳಿಸಿಲ್ಲ, ಕೆಂಪು ಗೆರೆ ಎಳೆದಿದ್ದೇನೆ. ಕೆಳಗೆ ದುರಸ್ತಿಯ ಅಂಕಣದಲ್ಲಿ ಹೀಗಿದೆ: ನಡುವೆ ಮೂರನೆಯ ಕೈಯೊಂದು ಕಾಣುತ್ತದೆ, ಕಲಿಯದ ಕೈ. ಅದು ನನ್ನದು.