ಅತ್ತೆ ನಡೆಸಿದ ಫುಟ್‌ಬಾಲ್ ತಂಡ

ಅತ್ತೆಯ ಎರಡೂ ಮೊಣಕಾಲು ಸದಾ ಊದಿಕೊಂಡಿರುತ್ತಿದ್ದವು. ಮೈದಾನದ ಅಂಚಿನಲ್ಲಿ ಕೂರಬೇಕಾದರೆ ಅಂಗೈಯನ್ನು ನೆಲಕ್ಕೂರಿ, ಒಂದು ಕಾಲನ್ನು ಉದ್ದಕ್ಕೆ ಚಾಚಿ, ಉಸಿರು ಬಿಗಿಹಿಡಿದು ಮೈ ಇಳಿಬಿಡುತ್ತಿದ್ದಳು. ಇಷ್ಟೆಲ್ಲ ಕಷ್ಟಪಟ್ಟು ಕೂತವಳು ಆಟಕ್ಕೆ ಬೆನ್ನು ಹಾಕಿಬಿಡುತ್ತಿದ್ದಳು. ಹಿಂದೆ ಅವಳದೇ ತಂಡ ಗೋಲಿನ ಮೇಲೆ ಗೋಲು ತಿನ್ನುತ್ತಿದ್ದರೆ ಅವಳು ರಸ್ತೆಯ ಕಡೆ ಮುಖ ಮಾಡಿ ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ನನ್ನ ಅಪ್ಪನ ಅಕ್ಕ ಅವಳು. ಹರಿಹರದಿಂದ ಹೊಳೆಗುಂಟ ಸ್ವಲ್ಪ ದೂರ ಹೋದರೆ ಅವಳ ಊರು. ಅಲ್ಲಿ ಫುಟ್‌ಬಾಲ್ ಕ್ಲಬ್ ಕಟ್ಟಿದವರು ಅವಳ ಗಂಡ, ನನ್ನ ಮಾವ. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಮಾವ ಅಲ್ಲಿಯ ಜೊತೆಗಾರರಿಂದ ಆಟ ಕಲಿತರು. ಹೊಳೆದಂಡೆಯ ಬಯಲಲ್ಲಿ ಬಿದಿರಿನ ಗೋಲುಕಂಬ ನೆಟ್ಟು ಊರವರಿಗೂ ಕಲಿಸಿದರು. ತಂಡ ಜಿಲ್ಲೆಯ ಲೀಗಿಗೆ ಸೇರಿತು. ಒಂದೇ ಒಂದು ವರ್ಷ ಎರಡನೇ ಡಿವಿಜನ್‌ಗೆ ಏರಿ, ಮರುವರ್ಷವೇ ಮೂರನೆಯದಕ್ಕೆ ಜಾರಿತು. ಆಮೇಲೆ ಕಾರ್ಖಾನೆ ಮುಚ್ಚಿ, ಚೆನ್ನಾಗಿ ಆಡುತ್ತಿದ್ದವರು ಕೆಲಸ ಹುಡುಕಿಕೊಂಡು ಚದುರಿಹೋದರು. ಮಾವ ಉಳಿದ ಹುಡುಗರನ್ನು ಕಟ್ಟಿಕೊಂಡು ಏಗಿದರು. ಒಂದು ದಿನ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಹುಡುಗರು ಬಲೆ ಮತ್ತು ಚೆಂಡು ಕೇಳಲು ಬಂದರು.

"ಅಟ್ಟದ ಮ್ಯಾಲೆ ಅದಾವೆ, ತಗಂಡು ಹೋಗ್ರಿ," ಎಂದಳು ಅತ್ತೆ.

ತಗೊಂಡರೂ ಅವರು ಹೋಗಲಿಲ್ಲ. ಕೊನೆಗೆ ಒಬ್ಬ ಹೇಳಿದ: "ದಾವಣಗೆರೆ ಲೀಗ್ ಮೀಟಿಂಗಿಗೆ ಯಾರಾರ ದೊಡ್ಡವ್ರು ಬರ್ಬೇಕಂತೆ ಅತ್ತೆ. ಇಲ್ಲಂದ್ರೆ ನಮ್ಮ ಹೆಸ್ರು ತೆಗೀತಾರಂತೆ."

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಇದೊಂದು ಸಲ ಹೋಗಿ ಬರ್ತೀನಿ. ಆಮೇಲೆ ನೀವೇ ನೋಡ್ಕಳ್ರಿ."

ಆ ಒಂದು ಸಲ ಅವಳ ಉಳಿದ ಆಯುಷ್ಯವನ್ನೆಲ್ಲ ತಿಂದಿತು.

ನಾನಾಗ ದಾವಣಗೆರೆಯ ಕೆ.ಬಿ. ಬಡಾವಣೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಮೀಟಿಂಗಿನ ದಿನ ಅತ್ತೆಯ ಜೊತೆಗೆ ನಾನೂ ಹೋಗುತ್ತಿದ್ದೆ. ಲೀಗಿನ ಕಾರ್ಯದರ್ಶಿ ಸೈಕಲ್ ಸಾಮಾನಿನ ವ್ಯಾಪಾರಿ; ಎಲ್ಲರೂ ಅವರನ್ನು ಭಾಯಿ ಅನ್ನುತ್ತಿದ್ದರು. ಅವರ ಅಂಗಡಿಯ ಮಹಡಿಯಲ್ಲೇ ಸಭೆ. ಮೊದಲ ಸಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಅತ್ತೆಯನ್ನು ಕಂಡು ಯಾರೋ ಕೇಳಿದರು, "ಯಾರನ್ನ ಹುಡುಕ್ತಿದೀರಿ ಅಮ್ಮಾ?"

"ಯಾರನ್ನೂ ಇಲ್ರಿ. ಫುಟ್‌ಬಾಲ್ ಟೀಮಿನವಳು ನಾನು."

ಆಟದ ನಿಯಮ ಅವಳು ಕಲಿಯಲೇ ಇಲ್ಲ. ಚೆಂಡಿಗಾಗಿ ಎದುರಾಳಿಗಳನ್ನು ದಾಟಿ ಮುಂದೆ ನಿಂತರೆ ಆಫ್‌ಸೈಡ್, ಅದು ತಪ್ಪು ಎಂದು ನಾನು ಎಷ್ಟೋ ಸಲ ವಿವರಿಸಿದೆ. "ಇರ್ಲಿ ಬಿಡು, ಅಷ್ಟು ಮುಂದಕ್ಕೆ ನಮ್ಮೋರು ಎಲ್ಲಿ ಹೋಗ್ತಾರೆ," ಎಂದು ಕೈಬಿಟ್ಟಳು. ಆದರೆ ಶನಿವಾರ ಸಂಜೆ ಮನೆಮನೆಗೆ ಹೋಗಿ ಹುಡುಗರಿಗೆ ನೆನಪು ಮಾಡುವುದು, ಭಾನುವಾರ ಎಲ್ಲರಿಗಿಂತ ಮೊದಲೆದ್ದು ಉಪ್ಪಿಟ್ಟು ಕಟ್ಟುವುದು, ಎಲ್ಲರನ್ನೂ ಬಸ್ಸಿಗೆ ಹತ್ತಿಸುವುದು, ಇವು ಒಂದು ವಾರವೂ ತಪ್ಪಲಿಲ್ಲ. ಆನೆಕೊಂಡದ ತಂಡದೆದುರು ಒಮ್ಮೆ ನಮ್ಮ ಕಡೆ ಹನ್ನೊಂದು ಜನ ಆಗಲಿಲ್ಲ. ಬಂದಷ್ಟು ಮಂದಿಯೇ ಆಡಿ ಹೀನಾಯವಾಗಿ ಸೋತರು. ಇಷ್ಟಕ್ಕೆ ಯಾಕೆ ಬರಬೇಕು ಎಂದು ಆ ಕಡೆಯವನೊಬ್ಬ ಭಾಯಿಗೆ ಹೇಳಿದ್ದು ಅತ್ತೆಯ ಕಿವಿಗೆ ಬಿತ್ತು.

"ಸೋತ್ರು ಅಂತ ಬರ್ಕಳ್ರಿ," ಎಂದಳು. "ಬರ್ಲಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ."

ಇಷ್ಟವಿಲ್ಲದ ಕೆಲಸ ಯಾಕೆ ಮಾಡುತ್ತೀ ಎಂದು ಒಂದು ದಿನ ಬಸ್ಸಿನಲ್ಲಿ ಕೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಿಲ್ಸಣ ಅನ್ನಾಕ ಯಾರಿಗೂ ಬಾಯಿ ಬರ್ಲಿಲ್ಲ. ನನಗೂ ಬರ್ಲಿಲ್ಲ."

ಕೊನೆಗೊಮ್ಮೆ ಬಾಯಿ ಬಂತು. ನಮ್ಮ ಗೋಲ್‌ಕೀಪರ್ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ರಾತ್ರಿ ಪಾಳಿಯವನು, ಎರಡು ಮಕ್ಕಳ ತಂದೆ. ಕೆಲಸ ಮುಗಿಸಿ, ಹೊಗೆಗೆ ಕೆಂಪಾದ ಕಣ್ಣಲ್ಲೇ ನೇರವಾಗಿ ಮೈದಾನಕ್ಕೆ ಬರುತ್ತಿದ್ದ. ಒಂದು ಭಾನುವಾರ ಅಪರೂಪಕ್ಕೆ ಚೆಂಡು ಬಹಳ ಹೊತ್ತು ಎದುರಾಳಿಗಳ ಕಡೆಯೇ ಉಳಿಯಿತು. ಇವನು ಕಂಬಕ್ಕೊರಗಿ ಕೂತವನು ನಿದ್ದೆಹೋದ. ಅತ್ತ ಕಡೆಯಿಂದ ಯಾರೋ ಒದ್ದ ಚೆಂಡು ನಿಧಾನಕ್ಕೆ ಉರುಳಿ ಬಂದು, ಅವನ ಪಕ್ಕದಲ್ಲೇ ಹಾದು ಬಲೆ ಸೇರಿತು. ಜನ ನಕ್ಕರು. ನಗು ಕೇಳಿ ಅತ್ತೆ ತಿರುಗಿದಳು. ಅವನು ಗಾಬರಿಬಿದ್ದು ಎದ್ದು, ಚೆಂಡು ಎಲ್ಲಿದೆಯೆಂದು ಹುಡುಕುತ್ತಿದ್ದ. ಆಟ ಮುಗಿಯುವವರೆಗೂ ಅತ್ತೆ ಅವನನ್ನೇ ನೋಡುತ್ತ ಕೂತಳು.

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದಳು: "ನಮ್ಮ ಹೆಸ್ರು ತೆಗೆದುಬಿಡ್ರಿ. ನಮ್ಮ ಹುಡುಗ್ರಿಗೆ ಆಟಕ್ಕಿಂತ ನಿದ್ದೆ ಬೇಕಾಗೈತೆ."

"ಯೋಚ್ನೆ ಮಾಡಿ ಹೇಳ್ರಿ ಅಮ್ಮಾ," ಅಂದರು ಭಾಯಿ.

"ಮಾಡೇ ಬಂದೀನಿ."

ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟವಳು ಹರಿಹರ ಬರುವವರೆಗೆ ಏಳಲಿಲ್ಲ.

ಮರುದಿನ ನಾನಿನ್ನೂ ಅತ್ತೆಯ ಮನೆಯಲ್ಲೇ ಇದ್ದೆ. ಗೋಲ್‌ಕೀಪರ್ ಬಂದು ಹೊಸ್ತಿಲಾಚೆಯೇ ನಿಂತ.

"ಯಾರನ್ನ ಕೇಳಿ ತೆಗೆಸಿದ್ರಿ ಅತ್ತೆ?"

"ನಿನ್ನ ಮುಖ ನೋಡಿ ತೆಗೆಸ್ದೆ. ಕಂಬಕ್ಕೆ ಒರಗಿ ಮಲಗಿದ್ಯಲ್ಲಪ್ಪ."

"ನಿದ್ದೆ ಬಂತು, ಮಲಗಿದೆ. ಅಷ್ಟೇ. ವಾರ ಎಲ್ಲ ಭಟ್ಟಿ ಹೊಗೆ ಕುಡೀತೀನಿ ನಾನು. ಬಯಲಾಗ ನಿಲ್ಲಾದು ಅದೊಂದು ದಿನ. ಅದನ್ನೂ ಇಲ್ಲ ಮಾಡಿದ್ರಿ."

ಅವನು ದನಿ ಏರಿಸಲಿಲ್ಲ. ಕೂಡು ಎಂದರೆ ಕೂರಲೂ ಇಲ್ಲ. ಅವನು ಹೋದ ಮೇಲೆ ಅತ್ತೆ ಗೋಡೆಗೊರಗಿ ಕೂತೇ ಇದ್ದಳು, ಊಟಕ್ಕೂ ಏಳಲಿಲ್ಲ. "ಒಳ್ಳೇದು ಮಾಡಾಕ ಹೋಗಿ ಏನು ಮಾಡಿಟ್ನಲ್ಲೇ," ಎಂದಳು.

ಆ ವಾರವೇ ಮತ್ತೆ ದಾವಣಗೆರೆಗೆ ಹೋದೆವು. ಮಹಡಿ ಹತ್ತಲು ಅವಳ ಕೈಲಾಗಲಿಲ್ಲ. ಭಾಯಿಯೇ ಕೆಳಗೆ ಬಂದು ಕುರ್ಚಿ ಹಾಕಿಸಿದರು.

"ಸಾಕು ಅಂದೋರು ನೀವೇ ಅಲ್ರೀ ಅಮ್ಮಾ?"

"ಹೌದ್ರಿ. ಹುಡುಗ್ರನ್ನ ಕೇಳದಂಗೆ ಅಂದುಬಿಟ್ಟೆ. ತಿರುಗಿ ಸೇರಿಸ್ಕಳ್ರಿ."

"ಮತ್ತೆ ಎಲ್ಲರಿಗಿಂತ ಕೆಳಗಿಂದ ಶುರು ಮಾಡ್ಬೇಕಾಗ್ತೈತೆ."

"ಕೆಳಗೇ ಇದ್ವಲ್ರಿ."

ಭಾಯಿ ನಕ್ಕರು. ಅತ್ತೆ ನಗಲಿಲ್ಲ, ಉಸಿರು ಸುಧಾರಿಸಿಕೊಳ್ಳುತ್ತಿದ್ದಳು.

ಊರಿಗೆ ಬಂದವಳು ಮನೆಗೂ ಹೋಗದೆ ಗೋಲ್‌ಕೀಪರನ ಮನೆಗೆ ನಡೆದು ಸುದ್ದಿ ಹೇಳಿದಳು. ಅವನ ಹೆಂಡತಿ ಚಹಾ ಕೊಟ್ಟಳು. ಅವನು ಬಗ್ಗಿ ಅತ್ತೆಯ ಕಾಲು ಮುಟ್ಟಲು ಹೋದರೆ, "ಮೊಣಕಾಲು ಮುಟ್ಟಬ್ಯಾಡೋ, ನೋಯ್ತಾವೆ," ಎಂದಳು.

ಆ ಸಲದ ಪಂದ್ಯಗಳು ಶುರುವಾಗುವ ಮೊದಲೇ ಜ್ವರ ಬಂತು. ಅದು ಎದೆಗೆ ಇಳಿದು, ಹರಿಹರದ ಆಸ್ಪತ್ರೆಯಲ್ಲಿ ಒಂದು ಮುಂಜಾನೆ ಅತ್ತೆ ತೀರಿಕೊಂಡಳು. ಅವಳನ್ನು ಹೊತ್ತವರೆಲ್ಲ ತಂಡದ ಹುಡುಗರೇ.

ಈಗ ಮೀಟಿಂಗಿಗೆ ಹೋಗುವವಳು ನಾನು. ಹುಡುಗರಲ್ಲಿ ಹೆಚ್ಚಿನವರಿಗೆ ಕ್ರಿಕೆಟ್ಟೇ ಬೇಕು. ಹನ್ನೊಂದು ಜನರನ್ನು ಕೂಡಿಸುವಷ್ಟರಲ್ಲಿ ನನ್ನ ವಾರವೆಲ್ಲ ಮುಗಿದಿರುತ್ತದೆ. ಹೋದ ಭಾನುವಾರ ಸುಡುಬಿಸಿಲಲ್ಲಿ ಮತ್ತೆ ಸೋತೆವು. ಹರಿಹರದಲ್ಲಿ ಇಳಿದ ಕೂಡಲೇ ಈ ವರ್ಷಕ್ಕೆ ಸಾಕೆಂದು ಹೇಳಿಬಿಡಬೇಕೆಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ಬಸ್ಸು ನಿಂತಿತು. ಬಲೆಯ ಗಂಟನ್ನು ಹೆಗಲಿಗೇರಿಸಿಕೊಂಡು ಗೋಲ್‌ಕೀಪರ್ ಕೇಳಿದ, "ಮುಂದಿನ ವಾರ ಎಷ್ಟೊತ್ತಿಗೆ ಅಕ್ಕ?"

"ಏಳಕ್ಕೆ," ಎಂದೆ.