ಅಟ್ಟದ ಮಾತು

ಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡು, ಅತ್ತೆ ಎರಡು ಸಲ ಅಲ್ಲಾಡಿಸುತ್ತಿದ್ದಳು. ಒಳಗೆ ಒಣಗಿದ ತಿರುಳಿನ ಗಿಟುಕು ಲೊಟಲೊಟ ಅಂದರೆ ಕೊಬ್ಬರಿಯಾಯಿತು; ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ಆ ಕಿವಿಯ ಮೇಲೆ ಯಾವಾಗಲೂ ನಾರಿನ ಧೂಳು. "ವರ್ಷ ಕಾಯ್ಬೇಕು ಕಣೇ. ಆತ್ರ ಬಿದ್ದು ಒಡೆದ್ರೆ ಇತ್ಲಾಗೆ ಕಾಯೂ ಅಲ್ಲ, ಅತ್ಲಾಗೆ ಕೊಬ್ರೀನೂ ಅಲ್ಲ" ಅನ್ನುವಳು.

ಅತ್ತೆಯೆಂದರೆ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಅರಳಗುಪ್ಪೆಯ ಹತ್ತಿರದ ನಮ್ಮ ಮನೆಯಲ್ಲೇ ಇದ್ದು, ನನ್ನ ಜಡೆ ಹೆಣೆದು, ಅಪ್ಪನಿಗೆ ಮುದ್ದೆ ಮಾಡಿಹಾಕಿ ತಲೆ ನರೆಸಿಕೊಂಡಳು. ಯಾಕೆ ಮದುವೆಯಾಗಲಿಲ್ಲ ಅಂತ ನಾನೂ ಕೇಳಲಿಲ್ಲ. ಮನೆಯ ಕಂಬವನ್ನು ಯಾಕೆ ಇಲ್ಲಿದ್ದೀಯ ಅಂತ ಯಾರು ಕೇಳುತ್ತಾರೆ?

ನಾನು ತಿಪಟೂರಿನ ಕಾಲೇಜಿಗೆ ಹೋಗುವಾಗ, ಬೇರೆ ಕಡೆಯವರು ಲೈನು, ಡವ್ವು, ಡೇಟಿಂಗು ಅನ್ನುವುದಕ್ಕೆ ನಮ್ಮ ಬಸ್ಸಿನ ಹುಡುಗಿಯರು 'ಅಟ್ಟ' ಅನ್ನುತ್ತಿದ್ದರು. ಜೋಡಿ ಕಂಡರೆ 'ಅಟ್ಟ ಹತ್ತವ್ರೆ'. ವಾಟ್ಸಾಪಿನಲ್ಲಿ ಅಟ್ಟ ಅಂತ ಬರೆದು ಪಕ್ಕದಲ್ಲೊಂದು ಕೆಂಪು ಹೃದಯ. ಒಂದು ದಿನ ನಾನು ಫೋನಿನಲ್ಲಿ, "ಸಂಜೆ ಅಟ್ಟ ಕಣೇ, ಯಾರಿಗೂ ಹೇಳ್ಬ್ಯಾಡ" ಅಂತ ಕಿಸಿಕಿಸಿ ನಗುತ್ತಿದ್ದೆ. ಅತ್ತೆಯ ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತು.

"ಹಂಗಂದ್ರೇನೇ?"

ಜಾಣೆಯ ಹಾಗೆ ವಿವರಿಸಿದೆ.

"ಈಗ ಬಯ್ಯಕ್ಕೆ ಅನ್ನಲ್ವಾ?"

"ಬಯ್ಯೋದೇನತ್ತೆ, ಖುಷಿಗೆ ಅಂತಾರೆ."

"ನಂಗೆ ಬಯ್ಯಕ್ಕೇ ಅಂದಿದ್ದು" ಅಂದಳು.

ಇಪ್ಪತ್ತರ ವಯಸ್ಸಿನಲ್ಲಿ, ಕಾಯಿ ಸುಲಿಯಲು ಪಕ್ಕದ ಸಂಪಿಗೆ ಊರಿನಿಂದ ಬರುತ್ತಿದ್ದವನ ಜೊತೆ ಅತ್ತೆ ಅಟ್ಟದ ಮೇಲೆ ಕೂತಿದ್ದಳಂತೆ. ಕೆಳಗಿನಿಂದ ಏಣಿ ತೆಗೆದು ಊರನ್ನೆಲ್ಲ ಕರೆದವನು ನಮ್ಮಪ್ಪ. ಜನ ನೋಡುತ್ತಿರುವಾಗಲೇ ಇಬ್ಬರನ್ನೂ ಇಳಿಸಿದರು. ಅವನನ್ನು ಹೊಡೆದು ಓಡಿಸಿದರು. ಹೆಣ್ಣು ನೋಡಲು ಬಂದವರೆಲ್ಲ ಊರಬಾಗಿಲಲ್ಲೇ 'ಅಟ್ಟ ಹತ್ತಿದೋಳು' ಅಂತ ಕೇಳಿ ಹಾಗೇ ವಾಪಸ್ಸಾದರು. ಆಮೇಲೆ ಯಾರ ಮನೆಯ ಹುಡುಗಿ ಯಾರ ಜೊತೆ ನಿಂತರೂ ಅದೇ ಮಾತಾಯಿತು. ಬರಬರುತ್ತಾ ಗಂಡಹೆಂಡಿರನ್ನು ರೇಗಿಸಲಿಕ್ಕೂ ಅದೇ. ಊರು ಅವಳ ಕಥೆ ಮರೆಯಿತು, ಮಾತು ಮಾತ್ರ ಬಸ್ಸು ಹತ್ತಿ ಕಾಲೇಜಿಗೂ ಬಂತು. ಥೂ, ಅದನ್ನು ನಾನು ಅವಳೆದುರಿಗೇ ಆಡಿದ್ದೆ.

"ಮಾತಾಡ್ತಿದ್ವಿ ಕಣೇ, ಅಷ್ಟೇಯ. ನಾನು ಹೇಳೋದಿನ್ನೂ ಮುಗಿದಿರ್ಲಿಲ್ಲ" ಅಂದಳು. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, "ಅವ್ನಿನ್ನೂ ಸಂಪಿಗೇಲೇ ಅವ್ನಂತೆ. ನಿನ್ನ ಸ್ಕೂಟ್ರಲ್ಲಿ ಒಂದ್ಸಲ ಕರ್ಕೊಂಡೋಗ್ತೀಯಾ?"

"ಪರೀಕ್ಷೆ ಮುಗೀಲಿ ಬುಡತ್ತೆ" ಅಂದೆ. ಪರೀಕ್ಷೆ ಮುಗಿಯಿತು. ಬಿಸಿಲು ಅಂದೆ, ಸ್ಕೂಟರ್ ಕೆಟ್ಟಿದೆ ಅಂದೆ. ನಿಜ ಹೇಳಬೇಕೆಂದರೆ ಅಪ್ಪನಿಗೆ ಹೆದರಿದ್ದೆ. ಅತ್ತೆ ಎರಡನೇ ಸಲ ಕೇಳಲಿಲ್ಲ. ಆ ಮಾಗಿಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಅಟ್ಟದ ತುಂಬ ಅವಳು ಅಲ್ಲಾಡಿಸಿ ನೋಡದ ಕಾಯಿಗಳು ಬಿದ್ದಿದ್ದವು.

ತಿಥಿಯ ಮಾರನೆಯ ದಿನ ಸಂಪಿಗೆಗೆ ಒಬ್ಬಳೇ ಹೋದೆ. ಆತ ಜಗಲಿಯ ಮೇಲೆ ಕೂತು ಕತ್ತಿ ಮಸೆಯುತ್ತಿದ್ದ. ನಾನು ಯಾರು ಅಂತ ಹೇಳಿದೆ, ಅತ್ತೆ ಹೋದ ಸುದ್ದಿ ಹೇಳಿದೆ. ಕತ್ತಿ ಕೆಳಗಿಟ್ಟ.

"ಅವತ್ತು ಏನೋ ಹೇಳ್ತಿದ್ಲು ಕಣವ್ವ, ಅರ್ಧಕ್ಕೇ ನಿಂತೋಯ್ತು" ಅಂದ. "ಅದೇನು ಅಂತ ನಿಂಗೇನಾದ್ರೂ ಹೇಳಿದ್ಲಾ?"

ನಾನು ಕೇಳಿಯೇ ಇರಲಿಲ್ಲ.